ದಾರ ಸುತ್ತದ ಬಾಣ

ಅದು ಎಂಟನೆಯ ಬಾಣ. ಬಿಟ್ಟ ಪ್ರತಿ ಬಾಣಕ್ಕೂ ಚೀಟಿಯಲ್ಲಿ ಒಂದು ಗೀಟು ಹಾಕುವುದು ನನ್ನ ಕೆಲಸವಾಗಿತ್ತು. ಆ ಚೀಟಿಯಲ್ಲಿ ಏಳು ಗೀಟುಗಳಿವೆ. ಎಂಟನೆಯದಕ್ಕೆ ಪೆನ್ಸಿಲು ಎತ್ತಿದ್ದೆ, ಹಾಕಲಿಲ್ಲ. ಆದ್ದರಿಂದ ಸಂಖ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ. ಬೇರೆ ಕೆಲವು ವಿಷಯಗಳಲ್ಲಿ ಅನುಮಾನವಿದೆ. ಆ ಜಾಗ ಬಂದಾಗ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದಲ್ಲಿ ರೇಡಿಯೋ ಏರಿಯಲ್‌ಗಳಿಗೆ ಸಣ್ಣ ಅಲ್ಯೂಮಿನಿಯಂ ನಳಿಕೆ ಎಳೆಯುತ್ತಿದ್ದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ನಾನು ಫಿಟ್ಟರ್. ಬಿಲ್ಲುಗಾರಿಕೆ ಕಲಿಸುವ ಒಂದು ಶಾಲೆಯಿಂದ ಬಾಣಗಳಿಗೆ ಆರ್ಡರ್ ಬಂದಿತ್ತು. ಅದೇ ನಳಿಕೆಯನ್ನು ಅಳತೆಗೆ ಕತ್ತರಿಸಿ, ಒಂದು ತುದಿಗೆ ಉಕ್ಕಿನ ಮೊನೆ, ಇನ್ನೊಂದು ತುದಿಗೆ ಹೆದೆ ಕೂರುವ ಕಚ್ಚು, ಅದರ ಮುಂದೆ ಮೂರು ಗರಿ. ಕೇಳಲು ಸುಲಭ. ಶೆಡ್ಡಿನ ಹಿಂದೆ ಕಾಂಪೌಂಡ್ ಗೋಡೆಗೆ ಹುಲ್ಲಿನ ಪಿಂಡಿ ಒಟ್ಟಿ, ಒಟ್ಟಿಗೆ ಮಾಡಿದ ಪ್ರತಿ ಲಾಟಿನಿಂದ ಒಂದು ಡಜನ್ ಬಿಟ್ಟು ನೋಡುತ್ತಿದ್ದೆವು.

ಬಿಡುತ್ತಿದ್ದವರು ನಳಿಕೆ ಎಳೆಯುವ ಡ್ರಾಯಿಂಗ್ ಬೆಂಚಿನ ಹಿರಿಯ ಕೆಲಸಗಾರ. ಕಾರ್ಖಾನೆಗಳು ಬರುವ ಮುಂಚೆ ಅದೇ ನೆಲದಲ್ಲಿ ರಾಗಿ ಬೆಳೆದಿದ್ದ ಮನೆಯವರು. ಕೈ ನಡುಗದವರು ಅಂತ ಅವರನ್ನು ಆರಿಸಿದ್ದರು. ಎಲ್ಲರೂ ಟೆಸ್ಟರಣ್ಣ ಅನ್ನುತ್ತಿದ್ದೆವು. ಬಿಲ್ಲು ಬಿದಿರಿನದು. ಬಾಣ ಕೂರಲು ಅದರಲ್ಲಿ ಬೇರೆ ಆಸರೆ ಇರಲಿಲ್ಲ. ಬಿಲ್ಲು ಹಿಡಿದ ಎಡಗೈಯ ತೋರುಬೆರಳಿನ ಗೆಣ್ಣೇ ಆಸರೆ. ಹೆದೆ ಬಿಟ್ಟಾಗ ಇಡೀ ಬಾಣ, ಗರಿಯೂ ಸೇರಿ, ಆ ಬೆರಳನ್ನು ಸವರಿಕೊಂಡು ಹೋಗುತ್ತದೆ. ಇದೊಂದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಬೆಳಗಿನ ಟೀ ಮುಗಿದಿತ್ತು. ಎಂಟನೆಯ ಬಾಣ ಬಿಟ್ಟವರು ಕಿರುಚಲಿಲ್ಲ. ಕೈ ಕೆಳಗಿಳಿಸಿ, "ಏನೋ ಕಚ್ತು ಕಣ್ಲಾ," ಅಂದರು. ಕಣಜ ಅಂದುಕೊಂಡೆ. ಗೋಡೆಯ ಮೂಲೆಯಲ್ಲಿ ಗೂಡಿತ್ತು. ಹತ್ತಿರ ಹೋದೆ. ತೋರುಬೆರಳಿನ ಬುಡದಲ್ಲಿ ಒಂದು ಗರಿ ನಿಂತಿತ್ತು. ಅಂಟಿಕೊಂಡಿರಲಿಲ್ಲ, ನೆಟ್ಟಿತ್ತು. ದಂಟು ಚರ್ಮದ ಕೆಳಗೆ ಹೋಗಿ, ಹೆಬ್ಬೆರಳಿನ ಕಡೆಗೆ ಒಂದು ಉಬ್ಬು ಎದ್ದಿತ್ತು. ರಕ್ತ ತುಂಬಾ ಕಡಿಮೆ. ಅವರು ಆ ಗರಿಯನ್ನು ಮುಟ್ಟದೆ, "ಇದ್ಯಾಕಿಂಗೆ ಕೈಯಾಗೆ ಮೊಳ್ತೈತೆ?" ಅಂತ ನನ್ನನ್ನು ಕೇಳಿದರು. ನಗಲು ನೋಡಿದರೇನೋ. ಆಮೇಲೆ ಕಾಲು ಮಡಚಿ ಕೂತರು.

ಹುಲ್ಲಿನಲ್ಲಿ ಓರೆಯಾಗಿ ಸಿಕ್ಕಿದ್ದ ಬಾಣವನ್ನು ಕಿತ್ತು ನೋಡಿದೆ. ಎರಡು ಗರಿ ಇದ್ದವು. ಮೂರನೆಯದರ ಜಾಗದಲ್ಲಿ ಅಂಟಿನ ಗೆರೆ ಮಾತ್ರ.

ಅಂಟು ಒಣಗುವ ತನಕ ಆ ಬಾಣಕ್ಕೆ ಗರಿಯನ್ನು ಒತ್ತಿ ಹಿಡಿದ ಕ್ಲಾಂಪು ನನ್ನ ಕೈಯದೇ.

ಶುರುವಿನಲ್ಲಿ ನಾವು ಗರಿಯನ್ನು ಸುರುಳಿಯಾಗಿ ಹಚ್ಚುತ್ತಿದ್ದೆವು. ನಕ್ಷೆಯಲ್ಲಿ ಹೆಲಿಕಲ್ ಅಂತ ಬರೆದಿತ್ತು. ಗರಿ ನೆಟ್ಟಗಿರದೆ ಬಳ್ಳಿಯ ಹಾಗೆ ನಳಿಕೆಯನ್ನು ಬಳಸಿಕೊಂಡು ಬಾಗುತ್ತದೆ. ಬಿಟ್ಟ ಕೂಡಲೇ ಗಾಳಿ ಅದನ್ನು ತಿರುಗಿಸಿ, ಬಾಣ ಬುಗುರಿಯಂತೆ ಸುತ್ತುತ್ತಾ ನೇರ ಹೋಗುತ್ತದೆ. ಅದಕ್ಕೆ ಎರಡು ದವಡೆಯ ಒಂದು ಕ್ಲಾಂಪು ಬೇಕು, ದವಡೆಗಳಿಗೇ ಆ ಬಾಗು ಇರಬೇಕು. ಹಿತ್ತಾಳೆ ಪಟ್ಟಿಯನ್ನು ಅರದಲ್ಲಿ ಉಜ್ಜುತ್ತಾ, ನಳಿಕೆಗೆ ಮಸಿ ಬಳಿದು ಒತ್ತಿ ನೋಡುತ್ತಾ, ಒಂದೊಂದು ಕ್ಲಾಂಪಿಗೆ ನನಗೆ ಮೂರು ದಿನ ಹಿಡಿಯಿತು. ಆರು ಮಾಡಿದೆ, ಆರೂ ಬಲಕ್ಕೆ ತಿರುಗುವಂಥವು.

ಟರ್ಕಿ ಕೋಳಿಯ ಗರಿ ಮೂಟೆಯಲ್ಲಿ ಬರುತ್ತಿತ್ತು. ಬಲರೆಕ್ಕೆಯ ಗರಿಗೆ ಹುಟ್ಟಿನಿಂದಲೇ ಒಂದು ಬಾಗು, ಎಡರೆಕ್ಕೆಯದಕ್ಕೆ ಅದರ ಎದುರು ಬಾಗು. ಬಲ ಕ್ಲಾಂಪಿಗೆ ಬಲರೆಕ್ಕೆಯದೇ ಆಗಬೇಕು. ಎಡದ್ದನ್ನು ತುರುಕಿದರೆ ಅದು ತನ್ನ ಕಡೆಗೇ ಎಳೆದುಕೊಂಡು ಬುಡ ಬಿಡಿಸಿಕೊಳ್ಳುತ್ತದೆ. ಗರಿ ಸೆಕ್ಷನ್ ನೋಡಿಕೊಳ್ಳುತ್ತಿದ್ದ ಅಕ್ಕ ಒಬ್ಬರಿದ್ದರು. ಅವರು ಗರಿಯನ್ನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಕೆಳತುಟಿಗೆ ಒಮ್ಮೆ ಸವರಿ "ಎಡ", "ಬಲ" ಅಂತ ಎರಡು ಬುಟ್ಟಿಗೆ ಎಸೆಯುತ್ತಿದ್ದರು. ಅಂಟು ಒಣಗಿದ ಮೇಲೆ ಗರಿಯ ಮುಂದಿನ ತುದಿಗೆ, ಅಂದರೆ ಮೊನೆಯ ಕಡೆಗಿರುವ ತುದಿಗೆ, ನೈಲಾನ್ ದಾರ ಎಂಟು ಸುತ್ತು ಬಿಗಿಯಾಗಿ ಸುತ್ತಿ ಅದರ ಮೇಲೂ ಅಂಟು ಸವರುತ್ತಿದ್ದರು. ಕೈ ಸವರಿಕೊಂಡು ಹೋಗುವ ಬಾಣದಲ್ಲಿ ಆ ತುದಿ ಎದ್ದರೆ ಅದು ಸೂಜಿ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಎಡಗರಿಗಳು ಮೂಟೆಯಲ್ಲಿ ಉಳಿಯುತ್ತಾ ಹೋದವು. ಒಂದು ದಿನ ಪ್ರೊಡಕ್ಷನ್ ಮ್ಯಾನೇಜರ್ ಬಂದು ಆ ಮೂಟೆಗಳನ್ನು ಬೂಟಿನಿಂದ ಒತ್ತಿ ನೋಡಿದರು.

"ಇಷ್ಟೂ ವೇಸ್ಟಾ?"

"ಎಡದ ಕ್ಲಾಂಪು ಆರು ಮಾಡಿದ್ರೆ ಇವೂ ಆಗುತ್ತೆ ಸಾರ್," ಅಂದೆ.

"ಇನ್ನೊಂದು ತಿಂಗಳು ನೀನು ಅರ ಹಿಡ್ಕೊಂಡು ಕೂತ್ಕೊಳ್ಳೋಕಾ? ಆಫ್‌ಸೆಟ್ ಮಾಡು. ನೆಟ್ಟಗಿರೋ ಕ್ಲಾಂಪು, ಸ್ವಲ್ಪ ಓರೆ. ಯಾವ ಗರಿ ಬೇಕಾದ್ರೂ ಕೂರುತ್ತೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಫ್‌ಸೆಟ್‌ನಲ್ಲಿ ಗರಿ ಬಾಗುವುದಿಲ್ಲ. ನೇರವಾಗೇ ಇದ್ದು, ಮುಂದಿನ ತುದಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. ಬಾಣ ಅಷ್ಟು ಜೋರಾಗಿ ತಿರುಗದಿದ್ದರೂ ತಿರುಗುತ್ತದೆ. ಆದರೆ ಒಂದು ಬಾಣದ ಮೂರೂ ಗರಿ ಒಂದೇ ರೆಕ್ಕೆಯದಾಗಿರಬೇಕು, ಎಡದ ಬಾಣಕ್ಕೆ ಓರೆಯೂ ಎಡಕ್ಕಿರಬೇಕು. ಅದನ್ನು ಹೇಳಿದೆ.

"ಗರಿ ಗರೀನೇ ಕಣಯ್ಯಾ. ಕೋಳಿಗೆ ಎಡ ಬಲ ಗೊತ್ತಾ?" ಅಂದರು. ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಇದು ನನಗೆ ಅನುಮಾನವಿರುವ ಜಾಗಗಳಲ್ಲಿ ಒಂದು.

ಹೊಸ ಕ್ಲಾಂಪು ಎರಡೇ ದಿನದಲ್ಲಿ ಮುಗಿಯಿತು. ಮೂರನೆಯ ದಿನ ಎರಡು ಬುಟ್ಟಿಗಳು ಒಂದಾದವು. ನಾಲ್ಕನೆಯ ದಿನ ದಾರ ನಿಂತಿತು. ದಾರ ಸುತ್ತುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಅಂಟು ಸಾಕು ಅಂತ ಮ್ಯಾನೇಜರ್ ಹೇಳಿದರಂತೆ.

ಆಸ್ಪತ್ರೆಯಲ್ಲಿ ದಂಟಿನ ಎರಡು ತುಂಡು ತೆಗೆದರು. ಮೂರನೆಯದು ಒಳಗೇ ಉಳಿದಿದ್ದು ಹತ್ತು ದಿನದ ಮೇಲೆ ಕೀವಾದಾಗ ಗೊತ್ತಾಯಿತು. ಮತ್ತೆ ಕುಯ್ದರು. ಗಾಯ ಮಾಗಿತು, ಆದರೆ ತೋರುಬೆರಳು ಮಡಚದಾಯಿತು. ನೆಟ್ಟಗೆ ನಿಂತೇ ಬಿಟ್ಟಿತು. ಡ್ರಾಯಿಂಗ್ ಬೆಂಚಿನಲ್ಲಿ ನಳಿಕೆಯ ತುದಿಯನ್ನು ಎಡಗೈಯಿಂದ ಹಿಡಿದು ಡೈಯ ತೂತಿನೊಳಗೆ ತೂರಿಸಬೇಕು. ಮಡಚದ ಬೆರಳಿರುವವರನ್ನು ಅಲ್ಲಿ ನಿಲ್ಲಿಸುವುದಿಲ್ಲ.

ವಿಚಾರಣೆ ಮ್ಯಾನೇಜರ್ ಕೋಣೆಯಲ್ಲೇ ನಡೆಯಿತು. ಅವರೇ ಕೇಳಿದರು, ಅವರೇ ಬರೆದುಕೊಂಡರು.

"ಬಿಲ್ಲು ಹಿಡಿದಾಗ ಅವನು ಗರಿಗೆ ಅಡ್ಡ ಬರೋ ಹಾಗೆ ಬೆರಳು ಎತ್ತಿದ್ನಾ?"

"ನಾನು ಚೀಟಿ ನೋಡ್ತಿದ್ದೆ ಸಾರ್."

"ಎತ್ತಿರಬಹುದಾ?"

"ಇರಬಹುದು."

"ಸ್ವಲ್ಪ ಎತ್ತಿದ್ದ ಅಂತ ಬರ್ಕೋತೀನಿ. ಸೈನ್ ಮಾಡು. ನಿನ್ನ ಕ್ಲಾಂಪಿನ ವಿಷಯ ಇದರಲ್ಲಿ ತರ್ತಾ ಇಲ್ಲ, ನೋಡ್ಕೋ."

ಸಹಿ ಹಾಕಿದೆ. ಟೆಸ್ಟರಣ್ಣ ಬೆರಳು ಎತ್ತಿರಲಿಲ್ಲ. ನಾನು ಚೀಟಿಯನ್ನೂ ನೋಡುತ್ತಿರಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ವಾರದೊಳಗೆ ನೋಟಿಸು ಹೋಯಿತು: ಸ್ವಂತ ಅಜಾಗರೂಕತೆ, ಕೆಲಸದಿಂದ ಬಿಡುಗಡೆ.

ರಾಜಗೋಪಾಲನಗರದಲ್ಲಿ ಅವರ ಮನೆ. ಭಾನುವಾರ ಹೋದೆ. ಜಗಲಿಯ ಮೇಲೆ ಕೂತು ಬಲಗೈಯಿಂದ ಎಡಗೈಯ ಬೆರಳನ್ನು ಮಡಚಲು ನೋಡುತ್ತಿದ್ದರು, ಜಂಗು ಹಿಡಿದ ಕೀಲನ್ನು ಆಡಿಸುವ ಹಾಗೆ.

"ಬಾ ಫಿಟ್ಟರಪ್ಪ. ಇದಕ್ಕೆ ಎಣ್ಣೆ ಬಿಟ್ರೆ ಆಡ್ತದಾ?"

ನಾನು ನಿಂತೇ ಇದ್ದೆ.

"ನಾನು ಬೆಳ್ಳು ಎತ್ತಿದ್ದೆ ಅಂತ ನೀನೇ ಬರ್ಕೊಟ್ಯಂತೆ?"

"ಹೌದಣ್ಣ."

"ಎತ್ತಿದ್ನಾ?"

"ಇಲ್ಲ."

ಅವರು ಬೆರಳು ಮಡಚುವುದನ್ನು ಬಿಟ್ಟರು. ಆಮೇಲೆ, "ಆವತ್ತು ಬಾಣ ತಂದು ಇಟ್ಟಿದ್ದು ನೀನು. ಗರಿ ಎದ್ದಿದ್ದು ನಿಂಗೆ ಕಂಡಿತ್ತಾ?" ಅಂತ ಕೇಳಿದರು.

ಕಂಡಿತ್ತು. ಸ್ಟ್ಯಾಂಡಿನಲ್ಲಿ ನಿಲ್ಲಿಸುವಾಗ ಒಂದೆರಡು ಗರಿಯ ತುದಿ ನನ್ನ ಉಗುರಿಗೆ ಸಿಕ್ಕಿತ್ತು. ಹೇಳಿದರೆ ಲಾಟು ನಿಲ್ಲುತ್ತದೆ, ಮ್ಯಾನೇಜರ್ ಕೂಗಾಡುತ್ತಾರೆ ಅಂತ ಸುಮ್ಮನಿದ್ದೆ. "ಕಂಡಿತ್ತಣ್ಣ," ಅಂದೆ.

ಅವರು ಬಯ್ಯಲಿಲ್ಲ. ಒಳಗಿಂದ ಕಾಫಿ ತರಿಸಿ ಕೊಟ್ಟರು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಲ್ಲಿಂದ ಕಾರ್ಖಾನೆಯ ಗೇಟಿನವರೆಗೆ, ರಜೆಯ ದಿನ ಸುಮ್ಮನೆ, ನಡೆದುಕೊಂಡು ಹೋದೆ. ಮ್ಯಾನೇಜರ್ ಕೋಣೆಯ ಕಿಟಕಿಯನ್ನು ನೋಡುತ್ತಾ ನಿಂತೆ. ಆ ಮನುಷ್ಯನಿಗೆ ಅದೇ ಕೈಯಲ್ಲಿ, ಅದೇ ಜಾಗದಲ್ಲಿ ತೂತಾಗಬೇಕು ಅಂತ ನನಗೆ ಅನ್ನಿಸಿತು. ನ್ಯಾಯ ಗೀಯ ಅಂತ ಏನೂ ಅನ್ನಿಸಲಿಲ್ಲ. ತೂತು, ಅಷ್ಟೇ.

ಸೇಡಿನ ಮೊದಲ ಪ್ರಯತ್ನ ಆತುರದ್ದು. ಮಾಲೀಕರಿಗೆ ಒಂದು ಪತ್ರ ಬರೆದೆ: ಸುರುಳಿ ಬಿಟ್ಟು ಆಫ್‌ಸೆಟ್ ಮಾಡಿದ್ದೇ ತಪ್ಪು, ಆಫ್‌ಸೆಟ್ ಬಾಣ ಅಪಾಯ, ಟೆಸ್ಟರ್ ಕೈ ಹೋದದ್ದು ಅದರಿಂದ. ಮಾಲೀಕರು ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದರು. ಮ್ಯಾನೇಜರ್ ನಾಲ್ಕು ಆಫ್‌ಸೆಟ್ ಬಾಣ ತಂದಿದ್ದರು. ನಾನು ಹೊಸ ಕ್ಲಾಂಪು ಮುಗಿದ ದಿನ ಅದರ ಪರೀಕ್ಷೆಗೆಂದು ಮಾಡಿದ್ದವು, ಮೂರೂ ಬಲಗರಿ, ದಾರ ಸುತ್ತಿದ್ದವು. ಅವರು ಕೋಟು ಬಿಚ್ಚಿ, ತಾವೇ ಬಿಲ್ಲು ಹಿಡಿದು ನಾಲ್ಕನ್ನೂ ಬಿಟ್ಟರು. ಕಾಲೇಜಿನಲ್ಲಿ ಬಿಲ್ಲು ಕಲಿತಿದ್ದವರು. ನಾಲ್ಕೂ ಒಂದು ಅಂಗೈ ಅಗಲದೊಳಗೆ ಕೂತವು.

"ಅಪಾಯ ಎಲ್ಲಿದೆ ಸಾರ್?" ಅಂತ ಮಾಲೀಕರಿಗೆ ಅಂಗೈ ತಿರುಗಿಸಿ ತೋರಿಸಿದರು. ಆಮೇಲೆ ನನ್ನ ಕಡೆಗೆ, "ಕ್ಲಾಂಪು ಮಾಡ್ದೋನು ನೀನೇ. ತಪ್ಪಿದ್ರೆ ನಿಂದೇ ಅಲ್ವೇನಯ್ಯಾ? ಇನ್ನೊಂದು ಪತ್ರ ಬರಿ, ಅದನ್ನೂ ಸೇರಿಸಿ."

ಮಾಲೀಕರು ವಾಚು ನೋಡಿಕೊಂಡು ಹೋದರು. ಕೈ ತೊಳೆಯುವ ನಲ್ಲಿಯ ಹತ್ತಿರ ಯಾರೋ "ಏನ್ ಗುರು, ಲೆಟರ್ ರಿಟರ್ನ್ ಬಂತಾ?" ಅಂದರು.

ಆ ಅವಮಾನದಲ್ಲಿ ಒಂದು ಉಪಕಾರವಾಯಿತು. ನಾನು ಆಫ್‌ಸೆಟ್ ಅನ್ನು ಬೈದದ್ದು ಅದು ಮ್ಯಾನೇಜರ್ ಬಾಯಿಂದ ಬಂದ ಮಾತು ಅನ್ನುವ ಒಂದೇ ಕಾರಣಕ್ಕೆ. ಅಳತೆ ಮಾಡಿರಲಿಲ್ಲ. ಟೂಲ್ ರೂಮಿನಲ್ಲಿ ಹೀಗೆ ಮಾಡಿದ್ದರೆ ನನ್ನ ಮೇಸ್ತ್ರಿ ಕೆನ್ನೆಗೆ ಬಾರಿಸುತ್ತಿದ್ದರು. ಸೇಡು ತೀರಿಸಿಕೊಳ್ಳಬೇಕಾದರೂ ಮೊದಲು ಅಳೆಯಬೇಕು.

ಮುಂದಿನ ಮೂರು ವಾರ ಊಟದ ಬಿಡುವಿನಲ್ಲಿ ಅಳೆದೆ. ಗರಿ ಸೆಕ್ಷನ್ ಅಕ್ಕ ನಾಲ್ಕು ಬಗೆಯ ಬಾಣ ಮಾಡಿಕೊಟ್ಟರು: ಬಲಗರಿಯ ಸುರುಳಿ, ಬಲಗರಿಯ ಓರೆ, ಎಡಬಲ ಕಲಸಿದ ಓರೆ, ಮತ್ತು ಕಲಸಿ ದಾರ ಸುತ್ತಿದ ಓರೆ. ಮರದ ಚೌಕಟ್ಟಿಗೆ ನ್ಯೂಸ್ ಪೇಪರ್ ಬಿಗಿದು ಹದಿನೈದು ಹೆಜ್ಜೆಗೆ ಒಂದು, ಇಪ್ಪತ್ತೈದು ಹೆಜ್ಜೆಗೆ ಒಂದು ನಿಲ್ಲಿಸಿದೆ. ಬಾಣ ನೇರ ಹೋಗಿದ್ದರೆ ಕಾಗದದಲ್ಲಿ ಒಂದು ದುಂಡು ತೂತು, ಅದರ ಸುತ್ತ ಗರಿ ಕೊಯ್ದ ಮೂರು ಗೀರು. ಬಾಲ ಅಲ್ಲಾಡಿದ್ದರೆ ಉದ್ದ ಹರಕು. ಎಡಗೈಗೆ ದಪ್ಪ ಚರ್ಮದ ಪಟ್ಟಿ ಸುತ್ತಿಕೊಂಡೇ ಬಿಟ್ಟೆ. ಗುರಿ ನನಗೆ ಬರುವುದಿಲ್ಲ, ಆದರೆ ಕಾಗದ ಹತ್ತಿರದಲ್ಲಿತ್ತು.

ಸುರುಳಿ ಬಾಣ ಹದಿನೈದಕ್ಕೇ ದುಂಡು ತೂತು ಕೊಟ್ಟಿತು. ಬಲಗರಿಯ ಓರೆ ಬಾಣ ಹದಿನೈದಕ್ಕೆ ಸ್ವಲ್ಪ ಹರಿಯಿತು, ಇಪ್ಪತ್ತೈದಕ್ಕೆ ದುಂಡಾಯಿತು. ಅಂದರೆ ಅದು ನಿಧಾನವಾಗಿ ಸ್ಥಿರವಾಗುತ್ತದೆ, ಕೆಟ್ಟದ್ದಲ್ಲ. ಇನ್ನೂ ಒಂದು ಕಂಡಿತು, ನನಗೆ ಹಿಡಿಸಲಿಲ್ಲ. ಸುರುಳಿಯ ಗರಿ ನಳಿಕೆಯನ್ನು ಬಳಸಿಕೊಂಡಿರುವುದರಿಂದ ಕೈಯ ಮೇಲೆ ಹೋಗುವಾಗ ಚರ್ಮದ ಪಟ್ಟಿಗೆ ಹೆಚ್ಚು ಉಜ್ಜುತ್ತಿತ್ತು. ಪಟ್ಟಿಯ ಮೇಲೆ ಗುರುತು ಬೀಳುತ್ತಿತ್ತು. ಕೈಯೇ ಆಸರೆಯಾದ ಬಿಲ್ಲಿಗೆ ಓರೆಯೇ ವಾಸಿ. ಮ್ಯಾನೇಜರ್ ಕಾರಣ ತಿಳಿಯದೆ ಹೇಳಿದ್ದರೂ ಸರಿಯಾದದ್ದನ್ನೇ ಹೇಳಿದ್ದರು. ಇದನ್ನು ಬರೆದುಕೊಳ್ಳುವಾಗ ಪೆನ್ಸಿಲು ಮುರಿಯಿತು. ಮತ್ತೆ ಚೂಪು ಮಾಡಿ ಬರೆದುಕೊಂಡೆ.

ಕಲಸಿದ ಬಾಣಗಳು ಕಾಗದವನ್ನು ಹೇಗೆ ಬೇಕೋ ಹಾಗೆ ಹರಿದವು. ಎರಡು ಗರಿ ಬಲಕ್ಕೆ ತಿರುಗಿಸಿದರೆ ಒಂದು ಎಡಕ್ಕೆ ಎಳೆಯುತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು ಸುಮ್ಮನೆ ಇಟ್ಟಾಗ ಕಂಡಿತು. ನೆಟ್ಟಗಿನ ಕ್ಲಾಂಪಿನಲ್ಲಿ ಒತ್ತಿಸಿಕೊಂಡಿದ್ದ ಎಡಗರಿ ನಾಲ್ಕೈದು ದಿನದಲ್ಲಿ ತನ್ನ ಬಾಗಿಗೆ ಮರಳಲು ನೋಡುತ್ತದೆ. ಅಂಟು ಮೊದಲು ಸೋಲುವುದು ಮುಂದಿನ ತುದಿಯಲ್ಲಿ. ದಾರ ಸುತ್ತಿದ್ದರೆ ತುದಿ ಅಲ್ಲೇ ನಿಲ್ಲುತ್ತದೆ. ದಾರ ಇಲ್ಲದಿದ್ದರೆ ಉಗುರು ತೂರುವಷ್ಟು ಏಳುತ್ತದೆ. ತಪ್ಪು ಸುರುಳಿಯದೂ ಅಲ್ಲ, ಓರೆಯದೂ ಅಲ್ಲ. ಎರಡು ಬುಟ್ಟಿ ಒಂದು ಮಾಡಿದ್ದು, ದಾರ ನಿಲ್ಲಿಸಿದ್ದು. ಎರಡೂ ಒಬ್ಬರ ಮಾತು.

"ಮಾತಲ್ಲ ಅಣ್ಣ," ಅಂದರು ಅಕ್ಕ. "ಬರವಣಿಗೆ." ಆ ಲಾಟು ಹೇಗೆ ಮಾಡಬೇಕು ಅಂತ ಬರೆದ ಜಾಬ್ ಕಾರ್ಡು ಅವರ ಬೆಂಚಿನ ಮೊಳೆಗೆ ಇನ್ನೂ ನೇತಾಡುತ್ತಿತ್ತು. "ಎಡ ಬಲ ವಿಂಗಡಿಸಬೇಕಿಲ್ಲ. ದಾರ ಬೇಡ." ಕೆಳಗೆ ಮ್ಯಾನೇಜರ್ ಸಹಿ.

"ಇದನ್ನ ಕೊಡ್ತೀರಾ?"

"ನನ್ನ ಹೆಸರು ಬರಬಾರದು. ನನ್ನ ಕೆಲಸ ಹೋದ್ರೆ ನೀವು ತಂದು ಹಾಕ್ತೀರಾ?" ಅಂದರು. ಕೇಳಿದ್ದು ತಪ್ಪಾಯಿತು ಅಂದುಕೊಂಡೆ.

ಅಷ್ಟರಲ್ಲಿ ಶಾಲೆಯ ಕಡೆಯಿಂದ ಇನ್‌ಸ್ಪೆಕ್ಟರ್ ಬರುತ್ತಾರೆ ಅಂತ ಸುದ್ದಿ ಬಂತು. ಹಿತ್ತಲಿನಲ್ಲಿ ಬಾಣ ಬಿಟ್ಟು ನೋಡಿ ಲಾಟು ಪಾಸು ಮಾಡುತ್ತಾರೆ. ಮ್ಯಾನೇಜರ್‌ಗೆ ಒಂದು ಪದ್ಧತಿ ಇತ್ತು: ಹೊರಗಿನವರು ಯಾರೇ ಬರಲಿ, ಮೊದಲ ಬಾಣ ತಾವೇ ಬಿಡಬೇಕು. ಆ ದಿನ ಸ್ಟ್ಯಾಂಡಿನಲ್ಲಿ ಬಾಣ ಜೋಡಿಸುವುದು ನನ್ನ ಪಾಲಿಗೆ ಬಂತು.

ಇಲ್ಲಿ ನಿಧಾನವಾಗಿ ಬರೆಯಬೇಕು. ನಾನು ಯಾವ ಬಾಣವನ್ನೂ ಕೆಡಿಸಲಿಲ್ಲ. ಉಗುರಿನಿಂದ ಒಂದು ಗರಿಯನ್ನೂ ಎಬ್ಬಿಸಲಿಲ್ಲ. ಶಾಲೆಗೆ ಹೋಗಲು ಪೆಟ್ಟಿಗೆಯಲ್ಲಿ ಸಿದ್ಧವಿದ್ದ, ಆ ಕಾರ್ಡಿನ ಪ್ರಕಾರ ಮಾಡಿದ ಬಾಣಗಳಲ್ಲೇ ಹುಡುಕಿದೆ. ಗರಿಯ ಮುಂದಿನ ತುದಿ ತಾನಾಗೇ ಎದ್ದಿದ್ದ ಹನ್ನೆರಡನ್ನು ಆರಿಸಿದೆ. ಒಂದನ್ನಿಟ್ಟು ಅದೇ ಅವರ ಕೈಗೆ ಹೋಗಲಿ ಅಂತ ಕಾಯುವ ಅದೃಷ್ಟದ ಆಟ ನನಗೆ ಬೇಡವಾಗಿತ್ತು. ಯಾವುದನ್ನು ಎತ್ತಿದರೂ ಅದೇ ಆಗಬೇಕಿತ್ತು. ಆರಿಸುವುದು ಕೆಡಿಸಿದ ಹಾಗಾಗುತ್ತದೆಯೇ ಅಂತ ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಆ ಬೆಳಿಗ್ಗೆ ಯೋಚಿಸಲಿಲ್ಲ. ಕೈ ಸ್ಥಿರವಾಗಿತ್ತು.

ಇನ್‌ಸ್ಪೆಕ್ಟರ್ ಸಣಕಲು ಮನುಷ್ಯ, ಸ್ವೆಟರ್ ಹಾಕಿದ್ದರು. ಮಾಲೀಕರು ಪಕ್ಕದಲ್ಲಿದ್ದರು. ಮ್ಯಾನೇಜರ್ ಕೋಟು ಬಿಚ್ಚಿ ನನ್ನ ತೋಳಿನ ಮೇಲೆ ಹಾಕಿದರು, ಗೂಟಕ್ಕೆ ಹಾಕುವ ಹಾಗೆ. ಸ್ಟ್ಯಾಂಡಿನಿಂದ ಒಂದು ಬಾಣ ತೆಗೆದುಕೊಂಡರು. ಮೊನೆ ನೋಡಿದರು, ಗರಿ ನೋಡಲಿಲ್ಲ. ಹೆದೆಗೆ ಕೂರಿಸಿದರು. ಬಾಣ ಅವರ ಎಡಗೈಯ ಗೆಣ್ಣಿನ ಮೇಲೆ ಒರಗಿತು. ಆ ಕೈ ಶುಭ್ರವಾಗಿತ್ತು. ಎದ್ದಿದ್ದ ಗರಿಯ ತುದಿ ಕಚ್ಚಿನ ಹತ್ತಿರ, ಅವರ ಕೈಯ ಕಡೆಗೇ ಇತ್ತು. ಹೆದೆ ಗಲ್ಲದವರೆಗೆ ಬಂತು.

ಆಗ ನನಗೆ ಸ್ಪಷ್ಟವಾಗಿ ಕಂಡದ್ದು ಹೀಗೆ: ಬಾಣ ಹೋಗುತ್ತದೆ, ದಂಟು ಒಳಗೆ ಇಳಿಯುತ್ತದೆ, ಅವರು ಕೂಗುತ್ತಾರೆ, ಮಾಲೀಕರು ಕಾರು ತರಿಸುತ್ತಾರೆ, ಎಲ್ಲರೂ ಅಯ್ಯೋ ಅನ್ನುತ್ತಾರೆ. ಅವರ ಕೈ ಅವರ ಪರ ಸಾಕ್ಷಿ ಹೇಳುತ್ತದೆ. ಮ್ಯಾನೇಜರೇ ಕೈ ಕಳೆದುಕೊಂಡ ಮೇಲೆ ಇನ್ನು ಅವರ ತಪ್ಪು ಅನ್ನುವವರು ಯಾರು?

"ಬಿಡಬೇಡಿ ಸಾರ್," ಅಂದೆ.

ಹೆದೆ ಸಡಿಲವಾಯಿತು. "ಏನಯ್ಯಾ?"

"ಗರಿ ಎದ್ದಿದೆ ಸಾರ್. ನಿಮ್ಮ ಕೈಗೆ ಹೋಗುತ್ತೆ."

"ಎಲ್ಲಿ?" ಅಂತ ಇನ್‌ಸ್ಪೆಕ್ಟರ್ ಮುಂದೆ ಬಂದರು.

"ಏನಿಲ್ಲ ಸಾರ್, ಇವನೊಬ್ಬ ತಲೆಹರಟೆ," ಅಂದರು ಮ್ಯಾನೇಜರ್. ಆದರೆ ಹೆಬ್ಬೆರಳನ್ನು ಗರಿಯ ಮೇಲೆ ಓಡಿಸಿದರು. ಹೆಬ್ಬೆರಳು ನಿಂತಿತು. ಅದು ನಿಂತದ್ದನ್ನು ಮೂವರೂ ನೋಡಿದೆವು.

"ಇದೊಂದು ಡಿಫೆಕ್ಟಿವ್ ಇರಬಹುದು. ಬೇರೆ ಕೊಡು."

"ಹನ್ನೆರಡೂ ಹಾಗೇ ಇದೆ ಸಾರ್. ಪೆಟ್ಟಿಗೆಯಲ್ಲಿ ಇನ್ನೂ ಇವೆ. ನೀವು ಹೇಳಿದ ಹಾಗೇ ಮಾಡಿರೋದು."

"ಹಾಗಾದ್ರೆ ಬಿಡಿ, ನೋಡೋಣ," ಅಂದರು ಇನ್‌ಸ್ಪೆಕ್ಟರ್. ವ್ಯಂಗ್ಯವಾಗಿ ಅಂದರೋ, ನಿಜವಾಗಿ ಅಂದರೋ ಇವತ್ತಿಗೂ ಗೊತ್ತಿಲ್ಲ.

ಮ್ಯಾನೇಜರ್ ಮತ್ತೆ ಬಿಲ್ಲು ಎತ್ತಿದರು. ಅರ್ಧ ಎಳೆದು ನಿಲ್ಲಿಸಿ, "ಯಾರಾದ್ರೂ ಗ್ಲೌಸ್ ತನ್ನಿ," ಅಂದರು.

ಮೂರು ವಾರದ ಅಳತೆ, ನಲ್ಲಿಯ ಹತ್ತಿರದ ನಗು, ಜಗಲಿಯ ಮೇಲಿನ ಕಾಫಿ ಎಲ್ಲ ಸೇರಿ ನನ್ನ ಬಾಯಿಗೆ ಬಂತು. "ಗ್ಲೌಸ್ ಯಾಕೆ ಸಾರ್? ಬೆರಳು ಎತ್ತದೆ ಬಿಡಿ, ಏನೂ ಆಗಲ್ಲ. ಟೆಸ್ಟರಣ್ಣನಿಗೆ ಚುಚ್ಚಿದ್ದು ಬೆರಳು ಎತ್ತಿದ್ದಕ್ಕೆ ಅಂತ ನೀವೇ ಬರೆದಿದ್ದೀರಿ, ನಾನೇ ಸಹಿ ಹಾಕಿದ್ದೀನಿ. ನಿಮಗಂತೂ ಬಿಲ್ಲು ಹಿಡಿಯೋಕೆ ಬರುತ್ತೆ. ಬಿಡಿ ಸಾರ್. ಒಂದೇ ಒಂದು."

ಅವರು ನನ್ನನ್ನು ನೋಡಿದರು. ಅಷ್ಟು ಹತ್ತಿರದಿಂದ ಅವರು ನನ್ನನ್ನು ಅದೇ ಮೊದಲು ನೋಡಿದ್ದು. ಅವರ ಕುತ್ತಿಗೆ ಬೆವೆತಿತ್ತು. ಆ ಬೆವರು ನೋಡಿ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಬಹಳ ಸಂತೋಷವಾಯಿತು.

"ಯಾವ ಟೆಸ್ಟರ್?" ಅಂದರು ಇನ್‌ಸ್ಪೆಕ್ಟರ್, ಮಾಲೀಕರ ಕಡೆ ತಿರುಗಿ.

ಮಾಲೀಕರು ಉತ್ತರ ಕೊಡುವ ಮುಂಚೆ ಗರಿ ಸೆಕ್ಷನ್ ಬಾಗಿಲು ತೆರೆಯಿತು. ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಕರೆದಿರಲಿಲ್ಲ. ಕಾರ್ಡನ್ನು ಯಾರ ಕೈಗೂ ಕೊಡದೆ ತಾವೇ ಹಿಡಿದು ತೋರಿಸಿದರು.

"ನಮ್ಮ ಹೆಣ್ಮಕ್ಕಳು ಅಂಟು ಸರಿಯಾಗಿ ಹಾಕಿಲ್ಲ ಅಂತ ನಾಳೆ ಹೇಳ್ತಾರೆ ಸಾರ್, ಅದಕ್ಕೆ ಈಗ್ಲೇ ತೋರಿಸ್ತೀನಿ. ದಾರ ಬೇಡ ಅಂತ ಸಾಹೇಬ್ರೇ ಬರೆದಿರೋದು."

ಮ್ಯಾನೇಜರ್ ಬಿಲ್ಲನ್ನು ಗೋಡೆಗೆ ಒರಗಿಸಿ ನನ್ನ ತೋಳಿನಿಂದ ಕೋಟು ಎಳೆದುಕೊಂಡರು.

ಲಾಟು ಪಾಸಾಗಲಿಲ್ಲ. ಮಾರನೆಯ ದಿನ ಮಾಲೀಕರ ಮುಂದೆ ನಾನು ಎರಡನೆಯ ಹೇಳಿಕೆ ಕೊಟ್ಟೆ: ಬೆರಳು ಎತ್ತಿರಲಿಲ್ಲ, ನಾನು ಸುಳ್ಳಿಗೆ ಸಹಿ ಹಾಕಿದ್ದೆ, ಎದ್ದ ಗರಿ ಕಂಡರೂ ಹೇಳಿರಲಿಲ್ಲ. ಅದಕ್ಕೆ ನನ್ನನ್ನು ಒಂದು ತಿಂಗಳು ಸಸ್ಪೆಂಡ್ ಮಾಡಿದರು. ಮಾಡಲೇಬೇಕಿತ್ತು. ಮುಂದೆ ಬಾಣ ಹೇಗೆ ಮಾಡಬೇಕು ಅಂತ ಕೇಳಿದಾಗ, ಓರೆ ಅಂದೆ. ಒಂದೇ ರೆಕ್ಕೆಯ ಗರಿ, ಎಂಟು ಸುತ್ತು ದಾರ, ಆದರೆ ಸುರುಳಿ ಬೇಡ, ಓರೆ. ಮ್ಯಾನೇಜರ್ ಅಲ್ಲೇ ಕೂತಿದ್ದರು. ಅವರ ಮಾತನ್ನು ನನ್ನ ಬಾಯಿಂದ ಹೇಳಬೇಕಾಗಿ ಬಂದದ್ದು ಸಸ್ಪೆನ್ಷನ್‌ಗಿಂತ ಕಹಿಯಾಗಿತ್ತು. ಅವರ ಕೆಲಸ ಹೋಗಲಿಲ್ಲ. ಹೊರಗಿನವರು ಬಂದಾಗ ಹಿತ್ತಲಿಗೆ ಬರುವುದನ್ನು ಮಾತ್ರ ಬಿಟ್ಟರು.

ಟೆಸ್ಟರಣ್ಣನ ನೋಟಿಸು ರದ್ದಾಯಿತು. ಬೆಂಚಿಗೆ ಆಗದ ಕೈಯಾದ್ದರಿಂದ ಗರಿ ಸೆಕ್ಷನ್ನಿಗೆ ಹಾಕಿದರು. ನಾನು ಮತ್ತೆ ಕೆಲಸಕ್ಕೆ ಹೋದ ದಿನ ಅವರು ಅಕ್ಕನ ಪಕ್ಕ ಕೂತು ಗರಿ ವಿಂಗಡಿಸುತ್ತಿದ್ದರು. ತುಟಿಗೆ ಸವರುವುದು ಅವರಿಗೆ ಇನ್ನೂ ಬಂದಿರಲಿಲ್ಲ. ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇನ್‌ಸ್ಪೆಕ್ಟರ್ ಬಂದ ದಿನ ನಡೆದದ್ದನ್ನೆಲ್ಲ ಅಕ್ಕ ಅವರಿಗೆ ಹೇಳಿದ್ದರು.

ನಾನು ಎದುರಿಗೆ ಕೂತೆ. ಅವರು ತಲೆ ಎತ್ತಲಿಲ್ಲ.

"ಹೆದೆ ಪೂರ್ತಿ ಎಳ್ದಿದ್ನಂತೆ?"

"ಗಲ್ಲದ ತನಕ."

"ಮತ್ಯಾಕ್ ತಡದೆ?"

"ಚುಚ್ಚಿದ್ರೆ ಎಲ್ರೂ ಅವರನ್ನೇ ಪಾಪ ಅಂತಿದ್ರಣ್ಣ. ನಿಮ್ಮ ನೋಟಿಸು ಹಂಗೇ ಉಳೀತಿತ್ತು. ಲೆಕ್ಕ ಹಾಕೇ ತಡೆದೆ."

ಅವರು ಕೈಯಲ್ಲಿದ್ದ ಗರಿಯನ್ನು ತಿರುಗಿಸಿ ನೋಡಿದರು. ಮಡಚದ ಬೆರಳು ಅದರ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು.

"ಲೆಕ್ಕ ಸರಿ ಐತೆ," ಅಂದರು. "ಆದ್ರೂ ನೋಡು. ನನ್ ಕೈ ಆದಾಗ ಕಂಡಿದ್ರೂ ಬಾಯಿ ಬಿಡ್ಲಿಲ್ಲ ನೀನು. ಅವನ್ ಕೈ ಆದಾಗ ಕೂಗ್ದೆ."

ಗರಿಯನ್ನು ಬಲದ ಬುಟ್ಟಿಗೆ ಹಾಕಿ ಇನ್ನೊಂದನ್ನು ತೆಗೆದುಕೊಂಡರು.